ಬಾಲ ತಿರುಗಿದ ಒಂಬತ್ತು

ನನ್ನ ಅಕ್ಷರ ಮುತ್ತು ಪೋಣಿಸಿದಂತಿದೆ ಎಂದು ಹೇಳುವವರಿದ್ದಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಈ ಅಕ್ಷರದಿಂದ ನಾನು ಪಟ್ಟ ಪಾಡನ್ನೂ ಇನ್ನೊಬ್ಬಳಿಗೆ ಪಡಿಸಿದ ಪಾಡನ್ನೂ ಹೇಳುವುದಕ್ಕೆ ಪೀಠಿಕೆ ಹಾಕುತ್ತಿದ್ದೇನೆ, ಅಷ್ಟೇ. ಶಾಲೆಯಲ್ಲಿ ಅಕ್ಷರ ಚೆನ್ನಾಗಿರುವವರಿಗೆ ಒಂದು ಶಾಪವಿದೆ. ಬಹುಮಾನದ ಪ್ರಮಾಣಪತ್ರಗಳಲ್ಲಿ ಹೆಸರು ತುಂಬುವವರು ಅವರೇ, ಸುವಿಚಾರದ ಹಲಗೆ ಬರೆಯುವವರು ಅವರೇ, ಇನ್‌ಸ್ಪೆಕ್ಟರು ಬರುವ ಹಿಂದಿನ ರಾತ್ರಿ ರಿಜಿಸ್ಟರುಗಳನ್ನು ಶುದ್ಧಪ್ರತಿ ಮಾಡುವವರೂ ಅವರೇ. ಕಾಗೆ ಕಾಲು ಗುಬ್ಬಿ ಕಾಲು ಬರೆಯುವವರು ಆ ಹೊತ್ತಿಗೆ ಮನೆಯಲ್ಲಿ ಬಿಸಿ ಅನ್ನಕ್ಕೆ ಸಾರು ಕಲಸಿಕೊಂಡು ಊಟ ಮಾಡುತ್ತಿರುತ್ತಾರೆ.

ಜೀವನದಲ್ಲಿ ಒಮ್ಮೆಯೂ ಕೋವಿ ಹಿಡಿಯದ ನಾನು ಗುರಿ ಹೊಡೆಯುವ ಸ್ಪರ್ಧೆಯೊಂದರಲ್ಲಿ ಅಂಕ ಬರೆಯುವ ಕುರ್ಚಿಯ ಮೇಲೆ ಕುಳಿತದ್ದು ಈ ಅಕ್ಷರದ ದೆಸೆಯಿಂದಲೇ. ಅಲ್ಲಿ ಒಬ್ಬ ಹುಡುಗಿ ಸರಿಯಾಗಿ ಹೊಡೆದ ಗುರಿಯನ್ನು ಲೇಖನಿಯಿಂದ ತಪ್ಪಿಸಿದವಳೂ ನಾನೇ.

ನಾನು ಅರಸೀಕೆರೆ ಕಡೆಯವಳು. ನಮ್ಮ ಕಡೆ ಮಳೆಯೂ ಕಡಿಮೆ, ಕೋವಿಯೂ ಕಡಿಮೆ. ಬಿ.ಎ., ಬಿ.ಎಡ್. ಮುಗಿಸಿ, ಕನ್ನಡ ಮತ್ತು ಸಮಾಜ ಪಾಠ ಹೇಳುವ ಉಪಾಧ್ಯಾಯಿನಿಯಾಗಿ 1994ರಲ್ಲಿ ಕೊಡಗಿನ ಒಂದು ಹಳ್ಳಿಯ ಪ್ರೌಢಶಾಲೆಗೆ ಬಂದಾಗ ನನ್ನನ್ನು ಮೊದಲು ಹೆದರಿಸಿದ್ದು ಮಳೆ, ಎರಡನೆಯದು ಕೋವಿಯ ಸದ್ದು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು ಗುಂಡು. ಬೆಟ್ಟದ ಆಚೆಯಿಂದ ಒಂದು ಸದ್ದು ಕೇಳಿ ಬಂದರೆ ಸಹೋದ್ಯೋಗಿ ಹೆಂಗಸರು ಪಾಠ ನಿಲ್ಲಿಸಿ ಎರಡನೆಯದಕ್ಕಾಗಿ ಕಿವಿಗೊಡುತ್ತಿದ್ದರು. ಸೆಪ್ಟೆಂಬರ್ 3ರ ಕೈಲ್‌ಮುಹೂರ್ತ ಬಂತೆಂದರೆ ಮನೆಮನೆಯಲ್ಲೂ ಕೋವಿಯನ್ನು ತೊಳೆದು ಒರೆಸಿ, ಹೂವಿಟ್ಟು ಪೂಜೆ ಮಾಡುತ್ತಾರೆ. ನಾಟಿಯ ಕೆಲಸ ಮುಗಿದು ಉಸಿರು ಬಿಡುವ ಹೊತ್ತು ಅದು. ಪೂಜೆ, ಊಟ ಮುಗಿದ ಮೇಲೆ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ.

ಮೊದಲ ವರ್ಷ ಅದನ್ನು ನೋಡಲು ಹೋದಾಗ ನಾನು ಕಿವಿ ಮುಚ್ಚಿಕೊಂಡು ಎಲ್ಲರಿಗಿಂತ ಹಿಂದೆ ನಿಂತಿದ್ದೆ. ಎತ್ತರದ ಮರದಲ್ಲಿ ಕಾಯಿ ಕಟ್ಟಿದ್ದರು. ಒಬ್ಬೊಬ್ಬರಾಗಿ ಬಂದು ಹೊಡೆಯುತ್ತಿದ್ದರು. ತಗಲಿದರೆ ಕಾಯಿ ಚೂರಾಗುತ್ತಿತ್ತು, ನೀರು ಚಿಮ್ಮುತ್ತಿತ್ತು, ಜನ ಹೋ ಎಂದು ಕೂಗುತ್ತಿದ್ದರು. ತಗಲದಿದ್ದರೆ ಕಾಯಿ ಅಲ್ಲೇ ನೇತಾಡುತ್ತಿತ್ತು. ಅಲ್ಲಿ ಬರೆಯುವವರೂ ಇಲ್ಲ, ಕೂಡುವವರೂ ಇಲ್ಲ. ಊರೆಲ್ಲ ನೋಡಿದ ಮೇಲೆ ಬರೆಯುವುದಾದರೂ ಏನನ್ನು? ಆಗ ಈ ಮಾತು ನನಗೆ ಹೊಳೆದಿರಲಿಲ್ಲ. ಈಗ ಹೊಳೆಯುತ್ತಿದೆ.

1996ರ ಸೆಪ್ಟೆಂಬರಿನಲ್ಲಿ, ಕೈಲ್‌ಮುಹೂರ್ತ ಮುಗಿದ ಮರುವಾರ, ಊರಿನ ಕೆಲವು ಉತ್ಸಾಹಿಗಳು ಸುತ್ತಲಿನ ಶಾಲೆಗಳ ಮಕ್ಕಳಿಗೆ ಏರ್ ರೈಫಲ್ ಸ್ಪರ್ಧೆ ಇಟ್ಟುಕೊಂಡರು. ಹೊರಗೆ ಮಳೆ ಬಿಟ್ಟಿರಲಿಲ್ಲ. ನಮ್ಮ ಶಾಲೆಯ ಉದ್ದನೆಯ ಸಭಾಂಗಣವೇ ಆಗಬೇಕಾಯಿತು. ಹೊಡೆಯುವ ಜಾಗದಿಂದ ಗುರಿಯವರೆಗೆ ಸರಿಯಾಗಿ 10 ಮೀಟರ್ ಅಳೆದು ಸುಣ್ಣದ ಗೆರೆ ಎಳೆದರು. ಮಕ್ಕಳಾದ್ದರಿಂದ ಮರಳಿನ ಚೀಲದ ಮೇಲೆ ಕೋವಿ ಆನಿಸಿ ಹೊಡೆಯಲು ಅನುಮತಿಯಿತ್ತು. ಗುರಿಗೆ ತೆಂಗಿನಕಾಯಿಯಲ್ಲ, ರಟ್ಟಿನ ಕಾರ್ಡು. ಅದರ ಮೇಲೆ ಒಂದರೊಳಗೊಂದು ವೃತ್ತಗಳು. ಹೊರಗಿನ ವೃತ್ತದ ಅಡ್ಡಗಲವೇ 45.5 ಮಿಲಿಮೀಟರ್, ಒಂದು ಲಿಂಬೆಹಣ್ಣಿನಷ್ಟು ಎನ್ನಿ. ನಡುವಿನ ಹತ್ತು ಎಂಬುದು ಅರ್ಧ ಮಿಲಿಮೀಟರಿನ ಒಂದು ಚುಕ್ಕಿ, ಸೂಜಿಯ ಮೊನೆಯಿಂದ ಇಟ್ಟಂತೆ. ಅದಕ್ಕೆ ಹೊಡೆಯುವ ಗುಂಡೇ 4.5 ಮಿಲಿಮೀಟರ್ ದಪ್ಪ. ಚುಕ್ಕಿಗಿಂತ ಗುಂಡು ಒಂಬತ್ತು ಪಟ್ಟು ದೊಡ್ಡದು! ಹಾಗಾದರೆ ಹತ್ತು ಎಂದು ಹೇಳುವುದು ಹೇಗೆ ಎಂದು ನಾನು ಕೇಳಿದೆ. ಗುಂಡಿನ ತೂತಿನ ಅಂಚು ಒಳಗಿನ ಗೆರೆಯನ್ನು ಮುಟ್ಟಿದರೂ ಸಾಕು, ಹೆಚ್ಚಿನ ಅಂಕ ಕೊಡಬೇಕು ಎಂದು ಸುಬೇದಾರರು ವಿವರಿಸಿದರು.

ಸುಬೇದಾರರು ಎಂದರೆ ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ಊರಿನ ಹಿರಿಯರು. ಆ ದಿನದ ತೀರ್ಪುಗಾರರು ಅವರೇ. ಅವರ ಹತ್ತಿರ ಒಂದು ಸಣ್ಣ ಹಿತ್ತಾಳೆಯ ಸಾಧನವಿತ್ತು. ಅನುಮಾನದ ತೂತಿಗೆ ಅದನ್ನು ಮೆಲ್ಲಗೆ ಇಳಿಸಿ, ಅದರ ಅಂಚು ಗೆರೆಗೆ ತಾಗುತ್ತದೆಯೋ ಇಲ್ಲವೋ ಎಂದು ಕನ್ನಡಕ ಹಣೆಗೇರಿಸಿ ನೋಡುತ್ತಿದ್ದರು. ಒಬ್ಬೊಬ್ಬರಿಗೆ ಹತ್ತು ಕಾರ್ಡು, ಕಾರ್ಡಿಗೊಂದು ಗುಂಡು. ಸುಬೇದಾರರು ಕಾರ್ಡು ನೋಡಿ, ಅದರ ಮೂಲೆಯಲ್ಲಿ ನೀಲಿ ಪೆನ್ಸಿಲಿನಿಂದ ಸ್ಪರ್ಧಿಯ ಸಂಖ್ಯೆ, ಕಾರ್ಡಿನ ಸಂಖ್ಯೆ, ಅಂಕ ಮೂರನ್ನೂ ಗುರುತು ಹಾಕಿ, ಗಟ್ಟಿಯಾಗಿ ಕೂಗುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ.

ಎಣಿಸಿ ನೋಡಿ. ಗುಂಡು ಕೋವಿಯಿಂದ ಹೊರಟು ಕಾರ್ಡಿಗೆ ತೂತು ಮಾಡುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಆಮೇಲೆ ಅದು ಓದಿಸಿಕೊಳ್ಳಬೇಕು, ಕೂಗಿಸಿಕೊಳ್ಳಬೇಕು, ಬರೆಸಿಕೊಳ್ಳಬೇಕು, ಶುದ್ಧಪ್ರತಿಯಾಗಬೇಕು, ಕೂಡಿಸಿಕೊಳ್ಳಬೇಕು. ಹೊಡೆದವರ ಕೈ ಬಿಟ್ಟ ಮೇಲೆ ಐದು ಮೆಟ್ಟಿಲು. ಆ ಐದರಲ್ಲಿ ಮೂರು ನನ್ನ ಕೈಯಲ್ಲಿದ್ದವು.

ಮಳೆಯ ಸದ್ದಿಗೆ ಹೆಂಚಿನ ಮಾಡು ಗದ್ದಲ ಮಾಡುತ್ತಿತ್ತು. ಮಕ್ಕಳು ಮೂವತ್ತಕ್ಕೂ ಹೆಚ್ಚಿದ್ದರು. ನಾನು ಅವಸರದಲ್ಲಿ, ಆದರೂ ಚೆಂದವಾಗಿ, ಕನ್ನಡ ಅಂಕಿಗಳಲ್ಲೇ ಬರೆಯುತ್ತಿದ್ದೆ. ಕನ್ನಡದ ಮೇಷ್ಟರುಗಳಾದ ನಾವು ಕನ್ನಡ ಅಂಕಿಯಲ್ಲಿ ಬರೆಯದಿದ್ದರೆ ಇನ್ಯಾರು ಬರೆಯಬೇಕು ಎಂಬ ಅಭಿಮಾನ. ಆ ಅಭಿಮಾನವನ್ನು ಈಗಲೂ ಬಿಟ್ಟಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಆದರೆ ನಮ್ಮ ಆರು ಮತ್ತು ಒಂಬತ್ತು ಇವೆಯಲ್ಲ, ೬ ಮತ್ತು ೯, ಅವು ಒಂದೇ ತಾಯಿಯ ಮಕ್ಕಳು. ಬಾಲ ಯಾವ ಕಡೆ ತಿರುಗಿದೆ ಎಂಬುದರಿಂದ ಗುರುತು ಹಿಡಿಯಬೇಕು. ನಿಧಾನವಾಗಿ ಬರೆದರೆ ತೊಂದರೆಯಿಲ್ಲ. ನನ್ನಂತೆ ಬಾಲಕ್ಕೆ ಒಂದು ಅಲಂಕಾರದ ಸುಳಿ ಕೊಡುವ ಚಟವಿದ್ದವರು ಅವಸರದಲ್ಲಿ ಬರೆದರೆ, ಅಣ್ಣ ಯಾರು ತಮ್ಮ ಯಾರು ಎಂದು ಬರೆದವರಿಗೇ ತಿಳಿಯದೆ ಹೋಗುತ್ತದೆ.

ಸ್ಪರ್ಧಿ ಸಂಖ್ಯೆ 17 ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿ. ಹೆಸರು ಬೇಡ. ಅವಳ ತಾಯಿ ಕಾಫಿ ತೋಟದಲ್ಲಿ ಕೆಲಸ ಮಾಡುತ್ತಿದ್ದರು, ವಾಸ ತೋಟದ ಲೈನ್ ಮನೆಯಲ್ಲಿ. ಮನೆಯಲ್ಲಿ ಕೋವಿ ಎಲ್ಲಿಂದ ಬರಬೇಕು? ಸುಬೇದಾರರು ಶಾಲೆ ಬಿಟ್ಟ ಮೇಲೆ ಎರಡು ತಿಂಗಳು ಆಸಕ್ತ ಮಕ್ಕಳಿಗೆ ಕಲಿಸಿದ್ದರಲ್ಲ, ಅಲ್ಲಿ ಕಲಿತವಳು. ಮಾತು ಕಡಿಮೆ, ಗಣಿತದಲ್ಲಿ ಸದಾ ಹಿಂದೆ. ಆ ದಿನ ಮಾತ್ರ ಅವಳು ಮರಳಿನ ಚೀಲದ ಹಿಂದೆ ಮಲಗಿದಾಗ ನನಗೆ ಅವಳು ಬೇರೆ ಯಾರೋ ಎನಿಸಿತು. ಎಂಟು, ಒಂಬತ್ತು, ಏಳು. ನಾಲ್ಕನೆಯ ಕಾರ್ಡಿನಲ್ಲಿ ಸುಬೇದಾರರು ತಡೆದರು. ಹಿತ್ತಾಳೆಯ ಸಾಧನ ಇಳಿಸಿದರು. ದೀಪದ ಹತ್ತಿರ ಹೋದರು. ಒಂದು ನಿಮಿಷವಾದರೂ ನೋಡಿರಬೇಕು. ಕೊನೆಗೆ, “ಗೆರೆ ಮುಟ್ಟಿದೆ, ಒಂಬತ್ತು” ಎಂದು ಕೂಗಿದರು. ನಾನು ಬರೆದೆ. ಮುಂದೆ ಎಂಟು, ಹತ್ತು, ಎಂಟು, ಒಂಬತ್ತು, ಏಳು, ಒಂಬತ್ತು.

ಸ್ಪರ್ಧೆ ಮುಗಿದಾಗ ಸಂಜೆ ನಾಲ್ಕೂವರೆ. ಬಹುಮಾನ ಕೊಡುವ ಅತಿಥಿಗಳು ಆಗಲೇ ಬಂದು ಕಾಫಿ ಕುಡಿಯುತ್ತಿದ್ದರು. ಸುಬೇದಾರರು ನನ್ನ ಹತ್ತಿರ ಬಂದು, “ಟೀಚರ್, ಇನ್ನೊಬ್ಬರು ಕೂತು ತಾಳೆ ನೋಡಲಿ. ನಮ್ಮಲ್ಲಿ ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡದೆ ಹೊರಗೆ ಬಿಡುತ್ತಿರಲಿಲ್ಲ” ಎಂದರು. ನಮ್ಮ ಗಣಿತದ ಮೇಷ್ಟರು ಆ ದಿನ ರಜೆಯಲ್ಲಿದ್ದರು. ಅದಕ್ಕಿಂತ ಹೆಚ್ಚಾಗಿ, ನನ್ನ ಬರಹವನ್ನು ಇನ್ನೊಬ್ಬರು ತಾಳೆ ನೋಡಬೇಕೇ ಎಂದು ನನಗೆ ಚುರ್ ಎಂದಿತು. “ಬೇಡಿ ಸಾರ್, ನಾನೇ ಎರಡು ಸಲ ಕೂಡುತ್ತೇನೆ” ಎಂದೆ. ಕರಡು ಹಾಳೆಯಿಂದ ದೊಡ್ಡ ಪುಸ್ತಕಕ್ಕೆ ಎಲ್ಲವನ್ನೂ ದುಂಡಗೆ ಎತ್ತಿ ಬರೆದೆ. ಬರೆದ ಮೇಲೆ, ಆ ಶುದ್ಧಪ್ರತಿಯಿಂದಲೇ ಎರಡು ಸಲ ಕೂಡಿದೆ. ಎರಡು ಸಲವೂ ಒಂದೇ ಉತ್ತರ ಬಂತು. ಬಾರದೆ ಏನು? ಎತ್ತಿ ಬರೆಯುವಾಗಲೇ ನಾಲ್ಕನೆಯ ಮನೆಯ ಒಂಬತ್ತು ಆರಾಗಿತ್ತು. ತಪ್ಪನ್ನು ಎರಡು ಸಲ ಕೂಡಿದರೆ ಅದು ಎರಡು ಸಲ ಖಚಿತವಾದ ತಪ್ಪಾಗುತ್ತದೆಯೇ ಹೊರತು ಸರಿಯಾಗುವುದಿಲ್ಲ.

ಮೊದಲನೆಯವನಿಗೆ 83, ಎರಡನೆಯವನಿಗೆ 82, ಸಂಖ್ಯೆ 17ಕ್ಕೆ 81. ಮೊದಲ ಬಹುಮಾನ ಒಂದು ಬೆಳ್ಳಿಬಣ್ಣದ ಕಪ್ಪು, ಜೊತೆಗೆ ಮೈಸೂರಿನಲ್ಲಿ ನಡೆಯಲಿದ್ದ ಹದಿನೈದು ದಿನಗಳ ತರಬೇತಿಗೆ ಹೋಗಿಬರುವ ಖರ್ಚು. ಮೂರನೆಯ ಬಹುಮಾನ ಒಂದು ಸ್ಟೀಲ್ ಲೋಟ. ಗೆದ್ದ ಹುಡುಗ ಪಕ್ಕದ ಊರಿನ ಶಾಲೆಯವನು, ಒಳ್ಳೆಯ ಹುಡುಗ, ಚೆನ್ನಾಗಿಯೇ ಹೊಡೆದಿದ್ದ. ಅವನ ಮೇಲೆ ಯಾವ ದೂರೂ ಇಲ್ಲ.

ಎಲ್ಲ ಮುಗಿದು ಕುರ್ಚಿ ಜೋಡಿಸುತ್ತಿದ್ದಾಗ ಹುಡುಗಿ ನನ್ನ ಹತ್ತಿರ ಬಂದಳು. ಕೈಯಲ್ಲಿ ಲೋಟವಿತ್ತು. “ಟೀಚರ್, ನನ್ನ ಲೆಕ್ಕದಲ್ಲಿ 84 ಬಂದಿತ್ತು” ಎಂದಳು. ಕೇಳಿದ್ದು ಅಷ್ಟೇ, ಅದೂ ನೆಲ ನೋಡಿಕೊಂಡು. ನಾನು ಏನು ಹೇಳಬೇಕಿತ್ತು? “ಬಾ, ಕಾರ್ಡು ತೆಗೆದು ನೋಡೋಣ” ಎನ್ನಬೇಕಿತ್ತು. ಕಾರ್ಡುಗಳು ನನ್ನ ಮೇಜಿನ ಮೇಲೆಯೇ ದಾರ ಕಟ್ಟಿಕೊಂಡು ಕುಳಿತಿದ್ದವು. ನಾನು ಹೇಳಿದ್ದು ಬೇರೆ: “ನಿನ್ನ ಲೆಕ್ಕ ನನಗೆ ಗೊತ್ತಿಲ್ಲವೇನೇ? ಕಿರುಪರೀಕ್ಷೆಯಲ್ಲಿ ಎಷ್ಟು ತೆಗೆದಿದ್ದೆ ಹೇಳು.” ಪಕ್ಕದಲ್ಲಿದ್ದ ಇಬ್ಬರು ನಕ್ಕರು. ನಾನೂ ನಕ್ಕೆ. ಅವಳು ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಗಾದೆ ವಿಸ್ತರಿಸಲು ಕೊಡುವವಳು ನಾನು. ಮೂರು ಅಂಕ ಕಳೆದದ್ದು ಕಣ್ಣಿನ ತಪ್ಪು. ಈ ಮಾತು ಕಣ್ಣಿನ ತಪ್ಪಲ್ಲ.

ಕಾರ್ಡುಗಳ ಹಿಂಬದಿ ಬಿಳಿಯಾಗಿತ್ತು. ರಟ್ಟು ದಪ್ಪ, ಎಸೆಯಲು ಮನಸ್ಸು ಬಾರದೆ ಮನೆಗೆ ತಂದಿಟ್ಟುಕೊಂಡೆ. ಅಕ್ಟೋಬರ್ ಕೊನೆಯಲ್ಲಿ ಒಂದು ಭಾನುವಾರ, ಓದಲು ಹಿಂದುಳಿದ ಮಕ್ಕಳಿಗಾಗಿ ಅಕ್ಷರದ ಚೀಟಿಗಳನ್ನು ಮಾಡಲು ಕುಳಿತೆ. ಅ ಬರೆದೆ, ಆ ಬರೆದೆ, ಇ ಬರೆಯುವ ಮುಂಚೆ ಕಾರ್ಡು ಕೈಯಲ್ಲಿ ತಿರುಗಿತು. ನೀಲಿ ಪೆನ್ಸಿಲಿನಲ್ಲಿ 17, ಅದರ ಕೆಳಗೆ 4, ಅದರ ಕೆಳಗೆ 9. ತೂತಿನ ಅಂಚು ಗೆರೆಗೆ ತಾಗಿದ್ದು ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮ. ಸುಬೇದಾರರು ದೀಪದ ಹತ್ತಿರ ಹೋಗಿ ನಿಂತದ್ದು ನೆನಪಾಯಿತು. ಹುಡುಕಿ ಹುಡುಕಿ ಹತ್ತೂ ಕಾರ್ಡು ತೆಗೆದೆ. ಕೂಡಿದೆ. 84. ಆ ಮನುಷ್ಯ ಅವಳಿಗೆ ಸಲ್ಲಬೇಕಾದ ಒಂದು ಅಂಕಕ್ಕಾಗಿ ಒಂದು ನಿಮಿಷ ಕಣ್ಣು ನೋಯಿಸಿಕೊಂಡಿದ್ದರು. ನಾನು ಒಂದು ಸುಳಿಯಲ್ಲಿ ಮೂರು ಅಂಕ ತಿಂದಿದ್ದೆ.

ಮರುದಿನ ಸ್ಪರ್ಧೆ ನಡೆಸಿದ್ದವರಲ್ಲಿ ಒಬ್ಬ ಹಿರಿಯರ ಮನೆಗೆ ಹೋದೆ. ಅವರು ಸಜ್ಜನರು. ಕಾರ್ಡುಗಳನ್ನು ನೋಡಿದರು, ನಿಟ್ಟುಸಿರು ಬಿಟ್ಟರು. “ಬಿಡಿ ಟೀಚರ್. ಆ ಹುಡುಗ ಮೈಸೂರಿಗೆ ಹೋಗಿ ಬಂದೂ ಆಯಿತು. ಈಗ ಹೇಳಿದರೆ ಅವನ ಮನೆಯವರಿಗೂ ಬೇಸರ, ನಿಮಗೂ ಅವಮಾನ. ಮುಂದಿನ ವರ್ಷ ಅವಳೇ ಗೆಲ್ಲಲಿ” ಎಂದರು. ನನಗೆ ಒಳಗೊಳಗೇ ಹಗುರವಾಯಿತು. ನಾನು ಕೇಳಲು ಹೋದದ್ದೇ ಆ ಮಾತನ್ನು ಎಂದು ಈಗ ಅನಿಸುತ್ತದೆ. ಮುಂದಿನ ವರ್ಷ ಸ್ಪರ್ಧೆ ನಡೆಯಲಿಲ್ಲ.

ಎರಡು ದಿನ ಬಿಟ್ಟು ಹುಡುಗಿಯನ್ನು ಗ್ರಂಥಾಲಯದ ಕೋಣೆಗೆ ಕರೆದು ಇದ್ದದ್ದನ್ನು ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ. “ನನಗೆ ಗೊತ್ತಿತ್ತು ಟೀಚರ್” ಎಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, “ಪುಸ್ತಕದಲ್ಲಿ ತಿದ್ದಿದ್ರಾ?”

“ತಿದ್ದುತ್ತೇನೆ” ಎಂದೆ.

ತಿದ್ದಲಿಲ್ಲ. ಇವತ್ತು ನಾಳೆ ಎಂದು ದೂಡಿದೆ. 1998ರಲ್ಲಿ ಅವಳು ಎಸ್.ಎಸ್.ಎಲ್.ಸಿ. ಮುಗಿಸಿ ಹೋದಳು. ಮರುವರ್ಷ ನನಗೆ ವರ್ಗವಾಯಿತು. ಪುಸ್ತಕ ಆ ಶಾಲೆಯ ಬೀರುವಿನಲ್ಲೇ ಉಳಿಯಿತು.

2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಅದೇ 10 ಮೀಟರ್ ಏರ್ ರೈಫಲಿನಲ್ಲಿ ಒಟ್ಟು 700.5 ಅಂಕ ಗಳಿಸಿ ಚಿನ್ನ ಗೆದ್ದರು. ಒಲಿಂಪಿಕ್ಸಿನಲ್ಲಿ ಭಾರತಕ್ಕೆ ವೈಯಕ್ತಿಕ ಚಿನ್ನ ಬಂದದ್ದು ಅದೇ ಮೊದಲು. ಸ್ವಾತಂತ್ರ್ಯ ದಿನಾಚರಣೆಗೆ ಅದರ ಮೇಲೆ ಮಾತಾಡಬೇಕೆಂದು ಮುಖ್ಯೋಪಾಧ್ಯಾಯರು ನನಗೇ ಹೇಳಿದರು. ಸಿದ್ಧತೆಗೆಂದು ಓದುತ್ತಾ ಹೋದಾಗ ನನಗೆ ಸಿಕ್ಕಿದ್ದು ಮಾಂಟ್ರಿಯಲ್ಲಿನ ಒಂದು ಪ್ರಸಂಗ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್. ಆಗ ರೈಫಲ್ ಸ್ಪರ್ಧೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ವಿಭಾಗವಿರಲಿಲ್ಲ. 50 ಮೀಟರ್ ದೂರ, ಮೂರು ಭಂಗಿಗಳು. ಮಲಗಿ 40, ನಿಂತು 40, ಮಂಡಿಯೂರಿ 40, ಒಟ್ಟು 120 ಗುಂಡು, 1200 ಅಂಕ. ಅಮೆರಿಕದ ಮಾರ್ಗರೆಟ್ ಮರ್ಡಾಕ್ ಎಂಬ ಮಹಿಳೆ, ಅದೇ ದೇಶದ ಲ್ಯಾನಿ ಬ್ಯಾಶಮ್ ಎಂಬಾತ ಇಬ್ಬರೂ ಮುಂಚೂಣಿಯಲ್ಲಿದ್ದರು. ಮೊದಲು ಬಂದ ಲೆಕ್ಕದಲ್ಲಿ ಮರ್ಡಾಕ್ ಒಂದು ಅಂಕ ಮುಂದೆ. ಆಮೇಲೆ ಅಂಕ ದಾಖಲಿಸುವುದರಲ್ಲಿ ತಪ್ಪಾಗಿರುವುದು ಕಂಡುಬಂತು. ತಿದ್ದಿದಾಗ ಇಬ್ಬರದೂ 1162. ಸಮ ಬಂದಾಗ ಕೊನೆಯ ಸುತ್ತಿನ ಅಂಕಗಳನ್ನು ಹೋಲಿಸಿ ನೋಡುವ ನಿಯಮದಂತೆ ಚಿನ್ನ ಬ್ಯಾಶಮ್‌ಗೆ ಹೋಯಿತು, ಬೆಳ್ಳಿ ಮರ್ಡಾಕ್‌ಗೆ ಉಳಿಯಿತು. ಬ್ಯಾಶಮ್ ಇಬ್ಬರಿಗೂ ಚಿನ್ನ ಕೊಡಿ ಎಂದು ಕೇಳಿದರಂತೆ. ನಿಯಮದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಪದಕ ಕೊಟ್ಟು ರಾಷ್ಟ್ರಗೀತೆ ನುಡಿಸುವಾಗ ಅವರು ಮರ್ಡಾಕ್‌ರನ್ನು ಕೈ ಹಿಡಿದು ಮೇಲಿನ ಮೆಟ್ಟಿಲಿಗೆ ಕರೆದುಕೊಂಡರು. ಇಬ್ಬರೂ ಒಂದೇ ಮೆಟ್ಟಿಲ ಮೇಲೆ ನಿಂತರು. ಒಲಿಂಪಿಕ್ ಶೂಟಿಂಗಿನಲ್ಲಿ ಪದಕ ಪಡೆದ ಮೊದಲ ಮಹಿಳೆ ಆಕೆ.

ಇದನ್ನು ಓದಿದಾಗ ಮೊದಲು ನನಗೆ ಆ ಮಹಿಳೆಯ ಮೇಲೆ ಕನಿಕರ ಬಂತು. ಗೆದ್ದೆ ಎಂದುಕೊಂಡ ಹೆಂಗಸಿನ ಕೈಯಿಂದ ಕಿತ್ತುಕೊಂಡರಲ್ಲ, ಸುಮ್ಮನಿದ್ದಿದ್ದರೆ ಆಗುತ್ತಿರಲಿಲ್ಲವೇ ಎನಿಸಿತು. ಆಮೇಲೆ ಯೋಚಿಸಿದೆ. ಸುಮ್ಮನಿದ್ದಿದ್ದರೆ ಆ ಲೆಕ್ಕ ಬರೆದವರು ನನ್ನಂತಾಗುತ್ತಿದ್ದರು. ಲೋಕವೆಲ್ಲ ನೋಡುತ್ತಿದ್ದಾಗ “ತಪ್ಪು ಬರೆದಿದ್ದೇವೆ” ಎಂದು ಒಪ್ಪಿಕೊಳ್ಳುವುದು ಅವರಿಗೆ ಸುಲಭವಾಗಿತ್ತೇ? ನನಗೆ ಒಂದು ಹಳ್ಳಿಯ ಮುಂದೆ ಆಗದ ಕೆಲಸ ಅದು. ಅವರು ತಿದ್ದಿದ್ದರಿಂದ ಒಬ್ಬರಿಗೆ ನೋವಾಯಿತು, ನಿಜ. ಆ ನೋವಿಗೆ ಮದ್ದು ತಪ್ಪು ಲೆಕ್ಕವಲ್ಲ. ಲೆಕ್ಕವನ್ನು ಲೆಕ್ಕವಾಗಿ ಸರಿಮಾಡಿದ ಮೇಲೆ, ಮೇಲಿನ ಮೆಟ್ಟಿಲಲ್ಲಿ ಜಾಗ ಮಾಡಿಕೊಡುವುದು ಮನುಷ್ಯರ ಕೆಲಸ. ನಾನು ಇದನ್ನು ತಿರುವುಮುರುವು ಮಾಡಿದ್ದೆ. ಗ್ರಂಥಾಲಯದ ಕೋಣೆಯಲ್ಲಿ ಮನುಷ್ಯತ್ವ ತೋರಿಸಿ, ಲೆಕ್ಕವನ್ನು ತಪ್ಪಾಗಿಯೇ ಬಿಟ್ಟಿದ್ದೆ. ತಪ್ಪು ಎಲ್ಲಿ ಬರೆಯಲ್ಪಟ್ಟಿದೆಯೋ ಅಲ್ಲೇ ತಿದ್ದಬೇಕು. ಕಿವಿಯಲ್ಲಿ ಹೇಳಿದ ತಿದ್ದುಪಡಿ ಕಿವಿಯಲ್ಲೇ ಉಳಿಯುತ್ತದೆ.

ಅದೇ ಓದಿನಲ್ಲಿ ಇನ್ನೊಂದು ಕಥೆಯೂ ಸಿಕ್ಕಿತು. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಮ್ಯಾಥ್ಯೂ ಎಮ್ಮನ್ಸ್ ಮೂರು ಭಂಗಿಗಳ ಸ್ಪರ್ಧೆಯ ಕೊನೆಯ ಗುಂಡಿಗೆ ಬಂದಾಗ ಮೂರು ಅಂಕ ಮುಂದಿದ್ದರು. ಹೊಡೆದರು. ಅವರ ಗುರಿಯಲ್ಲಿ ಏನೂ ದಾಖಲಾಗಲಿಲ್ಲ. ಯಂತ್ರ ಕೆಟ್ಟಿದೆ ಎಂದೇ ಮೊದಲು ಅಂದುಕೊಂಡರಂತೆ. ಯಂತ್ರ ಸರಿಯಾಗಿಯೇ ಇತ್ತು. ಎರಡನೆಯ ಸಾಲಿನಲ್ಲಿದ್ದ ಅವರು ಮೂರನೆಯ ಸಾಲಿನ ಗುರಿಗೆ ಹೊಡೆದಿದ್ದರು. ಆ ಗುಂಡಿಗೆ ಸೊನ್ನೆ ಬಂದು, ಚಿನ್ನದ ಹೊಸ್ತಿಲಿನಿಂದ ಎಂಟನೆಯ ಸ್ಥಾನಕ್ಕೆ ಇಳಿದರು. ಇದನ್ನೂ ಅದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎಮ್ಮನ್ಸ್ ಕಳೆದುಕೊಂಡದ್ದು ತಮ್ಮ ಕೈಯಾರೆ. ಬೇರೆಯವರನ್ನು ದೂರುವಂತಿಲ್ಲ, ಅದರಲ್ಲಿ ಒಂದು ಸಮಾಧಾನವೂ ಇದ್ದೀತು. ನನ್ನ ಹುಡುಗಿ ಕಳೆದುಕೊಂಡದ್ದು ನನ್ನ ಕೈಯಿಂದ. ತನ್ನ ತಪ್ಪಿಗೆ ಸೋಲುವುದೂ ಬರೆದವರ ತಪ್ಪಿಗೆ ಸೋಲುವುದೂ ಫಲಕದಲ್ಲಿ ಒಂದೇ ಥರ ಕಾಣುತ್ತವೆ. ಎದೆಯಲ್ಲಿ ಒಂದೇ ಥರ ಇರುವುದಿಲ್ಲ.

ಈಗ ದೊಡ್ಡ ಸ್ಪರ್ಧೆಗಳಲ್ಲಿ ರಟ್ಟಿನ ಕಾರ್ಡುಗಳಿಲ್ಲ. ಗುಂಡು ಎಲ್ಲಿ ಹಾದುಹೋಯಿತೆಂಬುದನ್ನು ಯಂತ್ರವೇ ಅಳೆದು, ಒಂದೊಂದು ಅಂಕವನ್ನು ಹತ್ತು ಭಾಗ ಮಾಡಿ, ಕಣ್ಣೆದುರಿನ ಪರದೆಯ ಮೇಲೆ ತೋರಿಸುತ್ತದೆ. ಒಂದು ಗುಂಡಿಗೆ ಹೆಚ್ಚೆಂದರೆ 10.9. ಆದರೂ ನಿಯಮ ಪುಸ್ತಕದಲ್ಲಿ ತಕರಾರಿಗೆ ಜಾಗವಿದೆ. ತೋರಿಸಿದ ಅಂಕ ಸರಿಯಲ್ಲ ಎನಿಸಿದರೆ ಹೊಡೆದವರು ಕೂಡಲೇ ಹೇಳಬಹುದು, ತೀರ್ಪುಗಾರರು ಪರೀಕ್ಷಿಸಲೇಬೇಕು. ನಿಯಮ ಮಾಡಿದವರು ಯಂತ್ರವನ್ನೂ ಪೂರ್ತಿ ನಂಬಲಿಲ್ಲ. ನಾನು ನನ್ನ ಅಕ್ಷರವನ್ನು ಪೂರ್ತಿ ನಂಬಿದ್ದೆ. ತಕರಾರು ತಂದವಳನ್ನು ನಗೆಪಾಟಲು ಮಾಡಿದ್ದೆ.

ಇದೆಲ್ಲ 2008ರಲ್ಲೇ ತಿಳಿಯಿತಲ್ಲ, ಆಗಲೇ ಹೋಗಿ ತಿದ್ದಬೇಕಿತ್ತು ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಭಾಷಣ ಚೆನ್ನಾಗಿ ಮಾಡಿದೆ, ಚಪ್ಪಾಳೆ ಬಂತು, ಮನೆಗೆ ಬಂದು ಸುಮ್ಮನೆ ಕುಳಿತೆ.

2024ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದದ್ದನ್ನು ಟಿ.ವಿ.ಯಲ್ಲಿ ನೋಡಿದೆ. ಮೂರನೆಯ ಸ್ಥಾನಕ್ಕೆ ನಿಂತಾಗ ಅವರದು 221.7, ಮುಂದಿದ್ದ ಕೊರಿಯಾದ ಆಟಗಾರ್ತಿಯದು 221.8. ಬರೇ 0.1 ಅಂತರದಲ್ಲಿ ಬೆಳ್ಳಿಯ ಸುತ್ತು ತಪ್ಪಿತು. ಒಲಿಂಪಿಕ್ ಶೂಟಿಂಗಿನಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಎಂದು ವಿವರಣೆಕಾರರು ಹೇಳುತ್ತಿದ್ದರು. ಪಕ್ಕದಲ್ಲಿ ಕುಳಿತಿದ್ದ ನನ್ನ ಮಗಳು, “ಅಷ್ಟು ಸಣ್ಣದಕ್ಕೆ ಏನಮ್ಮ ಲೆಕ್ಕ?” ಎಂದಳು. ನನಗೆ ಉತ್ತರ ಹೊರಡಲಿಲ್ಲ. ಹತ್ತನೇ ಒಂದು ಭಾಗಕ್ಕೆ ಲೆಕ್ಕವಿರುವ ಆಟದಲ್ಲಿ ನಾನು ಇಡಿಯಾಗಿ ಮೂರು ನುಂಗಿ 28 ವರ್ಷ ಜೀರ್ಣಿಸಿಕೊಳ್ಳಲಾಗದೆ ಕುಳಿತಿದ್ದೆ.

ಆ ವರ್ಷದ ಡಿಸೆಂಬರಿನಲ್ಲಿ ಹಳೆಯ ಶಾಲೆಯ ವಾರ್ಷಿಕೋತ್ಸವಕ್ಕೆ ಕರೆ ಬಂತು. ಹೋದೆ. ಕಾರ್ಯಕ್ರಮಕ್ಕೆ ಮುಂಚೆ ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಕುಳಿತು ವಿಷಯ ಹೇಳಿದೆ. ಆಕೆ ನನಗಿಂತ ಚಿಕ್ಕವರು. ಮೊದಲು ನಕ್ಕರು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಜವಾನ ಬೀರು ತೆಗೆದು ಅರ್ಧ ಗಂಟೆ ಹುಡುಕಿದ. ಸಿಕ್ಕಿತು. ಅಂಚುಗಳನ್ನು ಗೆದ್ದಲು ತಿಂದಿತ್ತು, ನನ್ನ ಅಕ್ಷರಗಳನ್ನು ಮಾತ್ರ ಬಿಟ್ಟಿತ್ತು. ಎಷ್ಟು ಚೆಂದವಾಗಿದ್ದವು!

ಉತ್ತರಪತ್ರಿಕೆ ತಿದ್ದುವಾಗ ನಮಗೆ ಹೇಳಿಕೊಡುತ್ತಾರೆ: ತಪ್ಪು ಅಂಕದ ಮೇಲೆ ಉಜ್ಜಬೇಡಿ, ಅದರ ಮೇಲೆಯೇ ಇನ್ನೊಂದು ಅಂಕಿ ತೀಡಬೇಡಿ. ಹಳೆಯದು ಕಾಣುವಂತೆ ಒಂದು ಗೆರೆ ಎಳೆಯಿರಿ, ಪಕ್ಕದಲ್ಲಿ ಹೊಸದನ್ನು ಬರೆಯಿರಿ, ಸಹಿ ಹಾಕಿ. ಹಾಗೆಯೇ ಮಾಡಿದೆ. ನಾಲ್ಕನೆಯ ಮನೆಯ ೬ಕ್ಕೆ ಗೆರೆ ಎಳೆದು 9 ಬರೆದೆ. 81ಕ್ಕೆ ಗೆರೆ ಎಳೆದು 84 ಬರೆದೆ. ಸ್ಥಾನಗಳನ್ನೂ ತಿದ್ದಿದೆ. ಕೆಳಗೆ, “ಎತ್ತಿ ಬರೆಯುವಾಗ ನನ್ನಿಂದ ಆದ ತಪ್ಪು” ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಿದೆ. ಮುಖ್ಯೋಪಾಧ್ಯಾಯಿನಿ ತಾಳೆ ನೋಡಿ ತಮ್ಮ ಸಹಿಯನ್ನೂ ಹಾಕಿದರು. ಇನ್ನೊಬ್ಬರು ತಾಳೆ ನೋಡಿದರೆ ಚುರ್ ಎನ್ನುವ ವಯಸ್ಸು ನನಗೆ ದಾಟಿತ್ತು.

ಹುಡುಗಿಯ ಫೋನ್ ನಂಬರು ಹಳೆಯ ವಿದ್ಯಾರ್ಥಿಗಳಿಂದ ಸಿಕ್ಕಿತು. ಈಗ ಅವಳಿಗೂ ನಲವತ್ತು ದಾಟಿದೆ, ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ವಿಷಯ ಹೇಳಿದೆ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. “ಈಗ ಯಾಕೆ ಟೀಚರ್?” ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಅವಳೇ ಮತ್ತೆ, “ಯಾವ ಪೆನ್ನಲ್ಲಿ ಬರೆದ್ರಿ?” ಎಂದು ಕೇಳಿದಳು. “ಕೆಂಪು ಶಾಯಿಯಲ್ಲಿ” ಎಂದೆ. “ಸರಿ” ಎಂದಳು. ಸ್ವಲ್ಪ ಹೊತ್ತಿಗೆ ಯಂತ್ರದ ಸದ್ದು ಮತ್ತೆ ಕೇಳಿಸಿತು. ಕ್ಷಮಿಸಿದಳೋ ಇಲ್ಲವೋ ಹೇಳಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ. ಮೈಸೂರಿನ ಆ ಹದಿನೈದು ದಿನಗಳನ್ನು ಕೆಂಪು ಶಾಯಿ ಹಿಂದಕ್ಕೆ ತರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಇನ್ನೊಬ್ಬರಿಗೆ ಹೇಳುವುದು ಉಳಿದಿತ್ತು. ಅಂದು ಕಪ್ಪು ಪಡೆದ ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ. ಪುಸ್ತಕದಲ್ಲಿ ಅವನ ಮೊದಲ ಸ್ಥಾನವನ್ನು ಅವನಿಗೆ ತಿಳಿಸದೆ ಎರಡನೆಯದಾಗಿ ಮಾಡಿದ್ದೆನಲ್ಲ, ಅವನಿಗೆ ಕಾಗದ ಬರೆಯಬೇಕಿತ್ತು. ನಿನ್ನೆ ರಾತ್ರಿ ಬರೆದೆ. ಅವನು ಏನು ಉತ್ತರ ಬರೆಯುತ್ತಾನೋ, ಬರೆಯುತ್ತಾನೋ ಇಲ್ಲವೋ. “ನಿನ್ನ 83ರಲ್ಲಿ ಯಾವ ತಪ್ಪೂ ಇಲ್ಲ. ತಪ್ಪಿದ್ದದ್ದು ನಾನು ಬರೆದ ಇನ್ನೊಂದು ಸಂಖ್ಯೆಯಲ್ಲಿ” ಎಂದು ಶುರು ಮಾಡಿದೆ. ಅವಳ ಅಂಕ ಬರೆಯುವಾಗ ಒಂದು ಕ್ಷಣ ಕೈ ತಡೆಯಿತು. ಪರೀಕ್ಷಾ ಕೆಲಸದಲ್ಲಿ ಕಲಿತ ಇನ್ನೊಂದು ಪಾಠ ನೆನಪಾಯಿತು. ಅಂಕಿಯಲ್ಲಿ 84 ಎಂದು ಬರೆದೆ. ಅದರ ಪಕ್ಕದಲ್ಲಿ, ಯಾವ ಸುಳಿಯನ್ನೂ ಕೊಡದೆ, ಅಕ್ಷರದಲ್ಲಿ ಎಂಬತ್ತನಾಲ್ಕು ಎಂದೂ ಬರೆದೆ.